ಮೂವತ್ತಕ್ಕೆ ಹನ್ನೊಂದು

ಕೆಲಗೇರಿಯ ದೇವಕ್ಕನಿಗೆ ನಾನು ಮೂವತ್ತಕ್ಕೆ ಹನ್ನೊಂದು ಅಂಕ ಕೊಟ್ಟದ್ದು ೧೯೯೮ರ ಸೆಪ್ಟೆಂಬರ್ ಮೂರನೇ ತಾರೀಖು, ಗುರುವಾರ. ಇಷ್ಟು ಖಚಿತವಾಗಿ ಹೇಳುವುದಕ್ಕೆ ನನ್ನ ನೆನಪಿನ ಶಕ್ತಿ ಕಾರಣವಲ್ಲ. ಆ ಉತ್ತರಪತ್ರಿಕೆಯ ಪ್ರತಿ ಇನ್ನೂ ನನ್ನ ಕಪಾಟಿನಲ್ಲಿದೆ, ಅದರ ತಲೆಯ ಮೇಲೆ ನನ್ನದೇ ದುಂಡು ಅಕ್ಷರದಲ್ಲಿ ತಾರೀಖಿದೆ. ನಾನು ಬಹಳ ಬುದ್ಧಿವಂತೆ ಎಂದು ಅನಿಸತೊಡಗಿದಾಗ ಅದನ್ನು ತೆಗೆದು ಓದುತ್ತೇನೆ. ವರ್ಷಕ್ಕೆ ಎರಡು ಮೂರು ಸಲ ಬೇಕಾಗುತ್ತದೆ.

ಆಗ ನನಗೆ ಇಪ್ಪತ್ತಾರು. ಮನಃಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಚಿನ್ನದ ಪದಕ ತಗೊಂಡಿದ್ದೆ. ಅದನ್ನು ಬಂದವರಿಗೆಲ್ಲ ತೋರಿಸುತ್ತಾರೆ ಎಂದು ಅಪ್ಪನ ಮೇಲೆ ಸಿಟ್ಟು ಮಾಡುತ್ತಿದ್ದೆ, ತೋರಿಸದಿದ್ದ ದಿನ ಇನ್ನೂ ಹೆಚ್ಚು ಸಿಟ್ಟು ಮಾಡುತ್ತಿದ್ದೆ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಡಾಕ್ಟರ್ ಅತುಲ ಅವರ ದವಾಖಾನೆ. ಅವರು ಮೆದುಳಿನ ಡಾಕ್ಟರು, ಹೈಸ್ಕೂಲಿನಲ್ಲಿ ಅಪ್ಪನ ಹತ್ತಿರ ಗಣಿತ ಕಲಿತವರು. ಐವತ್ತೈದು ದಾಟಿದವರ ನೆನಪು ಮತ್ತು ಬುದ್ಧಿ ಹೇಗೆ ಇಳಿಯುತ್ತ ಹೋಗುತ್ತವೆ ಎಂದು ಒಂದು ಅಧ್ಯಯನ ಶುರುಮಾಡಿ, ಐನೂರು ಜನರನ್ನು ಪರೀಕ್ಷಿಸುವುದಕ್ಕೆ ನನ್ನನ್ನು ನೇಮಿಸಿಕೊಂಡಿದ್ದರು.

ಮೂಲ ಪರೀಕ್ಷೆ ಇಂಗ್ಲಿಷಿನಲ್ಲಿತ್ತು. ಕನ್ನಡಕ್ಕೆ ತಂದವಳು ನಾನು. ಮೂರು ತಿಂಗಳು ನಿಘಂಟು ಮುಂದಿಟ್ಟುಕೊಂಡು ಕೂತು, ಒಂದೊಂದು ಪ್ರಶ್ನೆಯನ್ನೂ ಚೊಕ್ಕ ಕನ್ನಡದಲ್ಲಿ ಬರೆದು, ಪ್ರತಿ ಪ್ರಶ್ನೆಗೂ ಸರಿಯುತ್ತರದ ಪಟ್ಟಿ ಮಾಡಿದ್ದೆ. ಇಪ್ಪತ್ನಾಲ್ಕರ ಮೇಲೆ ಬಂದರೆ ತಲೆ ನೆಟ್ಟಗಿದೆ, ಕೆಳಗೆ ಬಂದರೆ ಇಲ್ಲ. ಮೂರು ಪ್ರಶ್ನೆಗಳಿಗೆ ಮಾತ್ರ ಚುಕ್ಕೆ ಗುರುತು ಇತ್ತು. ನಿಮ್ಮ ಹೆಸರು, ನಿಮ್ಮ ಮಕ್ಕಳ ಹೆಸರು, ನಿಮ್ಮ ಗಂಡನ ಅಥವಾ ಹೆಂಡತಿಯ ಹೆಸರು. ಇವುಗಳಲ್ಲಿ ಒಂದು ತಪ್ಪಿದರೂ ಕೆಂಪು ಶಾಯಿಯಲ್ಲಿ ‘ಗಂಭೀರ’ ಎಂದು ಬರೆಯಬೇಕು. ಗಂಡನ ಹೆಸರನ್ನೇ ಮರೆತ ತಲೆಯಲ್ಲಿ ಇನ್ನೇನು ಉಳಿದೀತು ಎಂಬುದು ಅತುಲ ಅವರ ತರ್ಕ. ನನಗೂ ಅದು ಒಪ್ಪಿಗೆಯೇ ಇತ್ತು.

ಪರೀಕ್ಷೆಗೆ ಬಂದ ಮೊದಲ ಹೆಂಗಸು ದೇವಕ್ಕ. ಅವಳನ್ನು ಕರೆತಂದವನು ಮಗ ಪರಮೇಶ. ಲಕಮನಹಳ್ಳಿಯ ಒಂದು ಕಾರಖಾನೆಯಲ್ಲಿ ಅವನ ಕೆಲಸ. ಆ ಕಾರಖಾನೆಯಲ್ಲಿ ಅತುಲ ಅವರು ‘ಮನುಷ್ಯನ ಮೆದುಳಿಗೆ ಮುಂದೇನು?’ ಎಂದು ಒಂದು ತಾಸು ಭಾಷಣ ಮಾಡಿದ್ದರು. ಸ್ಲೈಡ್ ಹಾಕುತ್ತ ಕೂತವಳು ನಾನೇ. ಮೆದುಳಿನ ತೂಕ ಮೈಯ ತೂಕದಲ್ಲಿ ಐವತ್ತನೇ ಒಂದು ಪಾಲು, ಆದರೆ ಉಂಡ ಅನ್ನದ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ಅದೇ ತಿನ್ನುತ್ತದೆ. ಇನ್ನು ದೊಡ್ಡದಾಗಲು ಬುರುಡೆಯಲ್ಲಿ ಜಾಗವಿಲ್ಲ, ಸಾಕಲು ರಕ್ತ ಸಾಲದು. ಮನುಷ್ಯನ ಬುದ್ಧಿ ತನ್ನ ಗಡಿ ಮುಟ್ಟಿದೆ, ಇನ್ನು ಮುಂದೆ ನೆನಪಿಡುವ ಕೆಲಸವನ್ನೆಲ್ಲ ಕಂಪ್ಯೂಟರು ಮಾಡುತ್ತದೆ ಎಂದು ಅವರು ಹೇಳಿದರು. ಕೊನೆಗೆ ಮರೆವಿನ ರೋಗದ ಬಗ್ಗೆಯೂ ಎರಡು ಮಾತು ಹೇಳಿದರು. ಪರಮೇಶ ಆ ಎರಡು ಮಾತನ್ನಷ್ಟೇ ಮನೆಗೆ ಒಯ್ದ.

"ಮೂರ ಸಲ ಆತ್ರಿ," ಎಂದು ಅವನು ತಾಯಿಯನ್ನು ಹೊರಗೆ ಕೂಡಿಸಿ ಬಂದು ನನಗೆ ಹೇಳಿದ. "ಒಲಿ ಮ್ಯಾಲ ಹಾಲ ಇಟ್ಟ ಮರತ್ಲು, ಪಾತೇಲಿ ಸುಟ್ಟ ಕರ್ರಗಾತು. ನನ್ನ ಮಗಳು ಸೃಷ್ಟಿಗೆ ನಮ್ಮ ತಂಗಿ ಹೆಸರ ಹಿಡದ ಕರೀತಾಳ. ಇನ್ನೊಂದ ಐತ್ರಿ. ನಾರಾಯಣಪುರದಾಗ ಒಂದ ಮನಿಯವರು ಊರ ಬಿಟ್ಟ ಹೋಗಿ ತಿಂಗಳಾತು. ಕೀಲಿ ಹಾಕಿದ ಮನಿಗೆ ಇಕಿ ದಿನಾ ಹಾಲ ಒಯ್ತಾಳ್ರಿ!" ಹೇಳುವಾಗ ಅವನ ಕಣ್ಣು ತುಂಬಿದ್ದವು. ತಾಯಿಯ ಮೇಲೆ ಜೀವ ಇಟ್ಟುಕೊಂಡ ಮಗ, ಅದಕ್ಕೇ ಅಷ್ಟು ಅಂಜಿದ್ದ.

ದೇವಕ್ಕ ಒಳಗೆ ಬಂದಳು. ಐವತ್ತೇಳರ ಗಟ್ಟಿಮುಟ್ಟು ಹೆಂಗಸು. ಚಂದ್ರಿ ಎಂಬ ಎಮ್ಮೆ ಸಾಕಿಕೊಂಡು, ಬೆಳಿಗ್ಗೆ ತಲೆಯ ಮೇಲೆ ಹಾಲಿನ ಕೊಡ ಹೊತ್ತು ನಾರಾಯಣಪುರದ ಹದಿನಾಲ್ಕು ಮನೆಗಳಿಗೆ ಹಾಲು ಹಾಕಿ ಬರುವವಳು. ಕುರ್ಚಿಯ ತುದಿಗೆ ಕೂತು, "ಕೇಳ್ರಿ ಅಕ್ಕಾರ," ಎಂದು ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿಕೊಂಡಳು.

ಪ್ರಶ್ನೆಯನ್ನು ಬರೆದದ್ದು ಬರೆದ ಹಾಗೆ ಓದಬೇಕು ಎಂಬುದು ನಿಯಮ. ಓದಿದೆ. "ಇದು ಯಾವ ಋತು?"

ಅವಳು ಕಿಟಕಿಯ ಹೊರಗೆ ನೋಡಿ, "ಮಘಿ ಮಳಿ ಮುಗದು ಹುಬ್ಬಿ ಮಳಿ ಹತ್ತೇತ್ರಿ. ಮೊನ್ನೆ ಸ್ವಾಮಾರ ಹತ್ತಿದ್ದು," ಎಂದಳು.

ನನ್ನ ಪಟ್ಟಿಯಲ್ಲಿ ‘ಮಳೆಗಾಲ’ ಎಂದಿತ್ತು. ಸೊನ್ನೆ ಹಾಕಿದೆ.

"ಇಂದಿನ ದಿನಾಂಕವೇನು?"

"ಗಣಪ್ಪ ಕುಂತು ಇವತ್ತಿಗೆ ಹತ್ತ ದಿನ ಆತ್ರಿ. ನಾಡಿದ್ದ ಅನಂತ ಚತುರ್ದಶಿ."

ಮತ್ತೊಂದು ಸೊನ್ನೆ. ನಾವೀಗ ಎಷ್ಟನೆಯ ಅಂತಸ್ತಿನಲ್ಲಿದ್ದೇವೆ ಎಂದು ಕೇಳಿದ್ದಕ್ಕೆ, ಅದು ಗೊತ್ತಿಲ್ಲ, ಆದರೆ ಏರಿ ಬರುವಾಗ ಮೆಟ್ಟಿಲು ಎಣಿಸಿದ್ದೇನೆ, ಪಾವಟಿಗೆ ಇಪ್ಪತ್ತೆರಡು ಇವೆ ಎಂದಳು. ಸೊನ್ನೆ. ಸೇಬು, ಮೇಜು, ನಾಣ್ಯ ಎಂಬ ಮೂರು ಶಬ್ದ ಹೇಳಿ, ಐದು ನಿಮಿಷ ಬಿಟ್ಟು ಕೇಳಿದರೆ "ಸಫರಚಂದ, ಟೇಬಲ್ಲು, ರೊಕ್ಕ" ಎಂದಳು. ಪಟ್ಟಿಯಲ್ಲಿದ್ದ ಶಬ್ದ ಒಂದೂ ಬರಲಿಲ್ಲವಲ್ಲ, ಮೂರು ಅಂಕ ಹೋದವು. ಎರಡು ಐದುಮೂಲೆಯ ಚಿತ್ರ ತೋರಿಸಿ ಹಾಗೆಯೇ ಬರೆಯಿರಿ ಎಂದಾಗ, "ಚುಕ್ಕಿ ಎಷ್ಟ ಇಡ್ಲಿರಿ?" ಎಂದು ಕೇಳಿದಳು. ಚುಕ್ಕೆ ಇಲ್ಲದೆ ರಂಗೋಲಿ ಹೇಗೆ ಹಾಕುತ್ತಾರೆ ಎಂಬುದು ಅವಳಿಗೆ ತಿಳಿಯಲಿಲ್ಲ. ನಾನು ಸುಮ್ಮನಿದ್ದದ್ದನ್ನು ಕಂಡು ತಾನೇ ಒಂಬತ್ತು ಚುಕ್ಕೆ ಇಟ್ಟು, ಕಾಗದ ತುಂಬ ಒಂದು ಚೆಂದದ ರಂಗೋಲಿ ಬರೆದುಕೊಟ್ಟಳು.

ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದಾಗ ಮಾತ್ರ ನನಗಿಂತ ಬೇಗ ಹೇಳಿದಳು. ಐದು ಸಲ ಕಳೆದರೆ ಸಾಕಿತ್ತು, ಇವಳು ನಿಲ್ಲಲೇ ಇಲ್ಲ. ಕೊನೆಗೆ "ಎರಡ ಉಳದೂರಿ. ಅವನ್ನ ಏನ ಮಾಡೂನು?" ಎಂದಳು. ಐದಕ್ಕೆ ಐದು ಕೊಟ್ಟೆ. ಕೊಡುವಾಗ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು, ಬರಲಿಲ್ಲ.

ಆಮೇಲೆ ಕಾಗದದ ಪ್ರಶ್ನೆ. ಬಲಗೈಯಲ್ಲಿ ಕಾಗದ ತೆಗೆದುಕೊಂಡು, ಅರ್ಧಕ್ಕೆ ಮಡಚಿ, ನೆಲದ ಮೇಲೆ ಇಡಬೇಕು. ತೆಗೆದುಕೊಂಡಳು, ಅಂಚಿಗೆ ಅಂಚು ಕೂಡಿಸಿ ಮಡಚಿದಳು, ಕಣ್ಣಿಗೆ ಒತ್ತಿಕೊಂಡು ಟೇಬಲ್ಲಿನ ಮೇಲೆ ಇಟ್ಟಳು.

"ನೆಲದ ಮ್ಯಾಲರಿ," ಎಂದೆ, ನಿಯಮ ಮುರಿದು.

"ಸರಸ್ವತಿ ಅಲ್ರೀ ಅಕ್ಕಾರ. ಕಾಲಾಗ ಹೆಂಗ ಇಡ್ಲಿ?"

ಒಂದು ಅಂಕ ಕಳೆದೆ. ನನ್ನ ಪದಕ ಆ ಹೊತ್ತಿಗೆ ನಮ್ಮ ಮನೆಯ ದೇವರ ಗೂಡಿನಲ್ಲಿ ಸರಸ್ವತಿಯ ಪಟದ ಮುಂದೆಯೇ ಇತ್ತು.

ಚುಕ್ಕೆ ಗುರುತಿನ ಪ್ರಶ್ನೆಗಳು ಕೊನೆಗೆ. ತನ್ನ ಹೆಸರು ಹೇಳಿದಳು, ಮಗನ, ಮಗಳ ಹೆಸರು ಹೇಳಿದಳು. "ನಿಮ್ಮ ಗಂಡನ ಹೆಸರೇನು?" ಎಂದು ಓದಿದೆ. ದೇವಕ್ಕ ಬಾಯಿಗೆ ಸೆರಗು ಹಿಡಿದಳು. ಮತ್ತೆ ಓದಿದೆ. ಕಾಲಿನ ಹೆಬ್ಬೆರಳು ನೋಡುತ್ತ ಕೂತಳು. ಮೂರನೆಯ ಸಲ ಓದಿದಾಗ ಅವಳ ಭುಜ ಕುಲುಕಾಡತೊಡಗಿದವು, ಸೆರಗಿನೊಳಗಿಂದ ನಗೆ ಕೇಳಿಸಿತು. ನಾನು ಕೆಂಪು ಪೆನ್ನು ತೆಗೆದು ಬರೆದೆ: ‘ಉತ್ತರವಿಲ್ಲ. ಅಸಂಬದ್ಧ ನಗೆ. ಗಂಭೀರ.’

ಅತುಲ ಅವರು ಹಾಳೆ ನೋಡಿ ಮುಖ ಸಣ್ಣದು ಮಾಡಿದರು. ಮೂವತ್ತಕ್ಕೆ ಹನ್ನೊಂದು ಬಂದಿದೆ ಎಂದು ಪರಮೇಶನಿಗೆ ಮೆತ್ತಗೆ ತಿಳಿಸಿ ಹೇಳಿದರು. ಇನ್ನು ಇವರನ್ನು ಒಬ್ಬರನ್ನೇ ಹೊರಗೆ ಕಳಿಸಬೇಡಿ, ಒಲೆಯ ಹತ್ತಿರ ಬಿಡಬೇಡಿ, ಕೊಡ ಹೊತ್ತು ಊರು ತಿರುಗುವುದಂತೂ ಬೇಡವೇ ಬೇಡ.

"ಹಂಗಾರ ಎಮ್ಮಿ ಇಟ್ಟಕೊಂಡ ಏನ ಮಾಡೋದೈತ್ರಿ," ಎಂದ ಪರಮೇಶ. "ಶನಿವಾರ ಮುಂಜಾನೆ ದನದ ದಲ್ಲಾಳಿ ಮಕಬೂಲಸಾಬ ಬರ್ತಾನ. ಕೊಟ್ಟ ಬಿಡತೇನಿ."

ಅಲ್ಲಿಯವರೆಗೆ ನಗುತ್ತಲೇ ಇದ್ದ ದೇವಕ್ಕ ಎದ್ದು ನಿಂತಳು. "ಚಂದ್ರಿನ್ನ?" ಎಂದಳು. ಅಷ್ಟೇ ಕೇಳಿದಳು. ಮಗ ಅವಳ ಕೈ ಹಿಡಿದ. ಇಬ್ಬರೂ ಆ ಇಪ್ಪತ್ತೆರಡು ಪಾವಟಿಗೆ ಇಳಿದು ಹೋದರು. ನನಗೆ ಅಯ್ಯೋ ಅನಿಸಿತು, ಆದರೆ ಅಂಕ ಕೊಟ್ಟದ್ದು ತಪ್ಪು ಎಂದು ಮಾತ್ರ ಅನಿಸಲಿಲ್ಲ.

ಮರುದಿನ ಶುಕ್ರವಾರ ರಜೆ ಹಾಕಿದ್ದೆ. ನೆಟ್ಟಗಿರುವ ತಲೆಗಳ ಅಂಕವೂ ಹೋಲಿಸಿ ನೋಡಲು ಬೇಕಿತ್ತು. ಅವ್ವನಿಗಿಂತ ನೆಟ್ಟಗಿನ ತಲೆ ನನಗೆ ಗೊತ್ತಿರಲಿಲ್ಲ. ನನ್ನ ಅವ್ವ ಮಂದಾಕಿನಿ ಪೇಪರಿನ ಪದಬಂಧವನ್ನು ಸಾಸಿವೆ ಸಿಡಿಯುವಷ್ಟರಲ್ಲಿ ಬಿಡಿಸುವವಳು. ಸಂಜೆ ಚಹಾ ಆದ ಮೇಲೆ ಕಟ್ಟೆಯ ಮೇಲೆ ಕೂಡಿಸಿ ಪರೀಕ್ಷೆ ತಗೊಂಡೆ. ಪಟಪಟನೆ ಇಪ್ಪತ್ತೊಂಬತ್ತು ಅಂಕ ಬಂದವು. ಕೊನೆಯದೊಂದೇ ಉಳಿದಿತ್ತು.

"ನಿಮ್ಮ ಗಂಡನ ಹೆಸರೇನು?"

ಅವ್ವ ಥಟ್ಟನೆ ಸೆರಗನ್ನು ಬಾಯಿಗೆ ಹಿಡಿದಳು. ಭುಜ ಕುಲುಕಾಡಿದವು. "ಏ, ಇದೇನ ಹಚ್ಚೀಯ ನೀ!" ಎಂದಳು.

ಒಳಗೆ ಪೇಪರು ಓದುತ್ತಿದ್ದ ಅಪ್ಪ, "ಹೇಳ, ಹೇಳ, ಒಂದ ಮಾರ್ಕು ಹೋಗ್ತದ," ಎಂದು ಕೂಗಿದರು.

"ಹಂಗ ಸುಮ್ಮನ ಹೇಳ್ಳಿಕ್ಕೆ ಬರ್ತದೇನ? ಅದಕ್ಕ ಒಡಪು ಹಾಕಬೇಕು, ಕೇಳ್ಲಿಕ್ಕೆ ನಾಕ ಮಂದಿ ಇರಬೇಕು. ಮದವ್ಯಾಗ ಹೇಳೇನಿ, ನೀ ಹೊಟ್ಟ್ಯಾಗಿದ್ದಾಗ ಕುಬಸದಾಗ ಹೇಳೇನಿ. ಕಟ್ಟಿ ಮ್ಯಾಲೆ ಕೂತು ಬರೇ ಹೆಸರ ಅಂದರ ಯಾರರ ಏನಂದಾರು?"

ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. ಅದೇ ಸೆರಗು, ಅದೇ ಭುಜ, ಅದೇ ನಗೆ. ಹುಟ್ಟಿದಾರಭ್ಯ ನೋಡಿದ್ದೇನೆ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬಿಡಿಯಾಗಿ ಹೇಳುವುದಿಲ್ಲ. ಮದುವೆ, ಕುಬಸ ಎನ್ನುವ ಸೀಮಂತ, ಮನೆ ತುಂಬಿಸುವ ಹೊತ್ತಿನಲ್ಲಿ ನಾಲ್ಕು ಸಾಲಿನ ಪ್ರಾಸ ಕಟ್ಟಿ, ಕೊನೆಯ ಸಾಲಿನಲ್ಲಿ ಹೆಸರು ಅಡಗಿಸಿ ಹೇಳುತ್ತಾಳೆ, ಸುತ್ತ ನಿಂತವರು ಹೋ ಎನ್ನುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನೆಲ್ಲ ಮನೆಯಲ್ಲಿ ಬಿಟ್ಟು ದವಾಖಾನೆಗೆ ಹೋಗುತ್ತಿದ್ದೆ. ಮನುಷ್ಯನ ಬುದ್ಧಿಯ ಗಡಿ ಎಲ್ಲಿದೆ ಎಂದು ಐನೂರು ಜನರ ತಲೆಯಲ್ಲಿ ಹುಡುಕಲು ಹೊರಟವಳಿಗೆ ಅದು ತನ್ನ ಹಣೆಯ ಹಿಂದೆಯೇ ಸಿಕ್ಕಿತು.

ಎದ್ದು ಹೋಗಿ ಅತುಲ ಅವರಿಗೆ ಫೋನು ಹಚ್ಚಿದೆ. ಕೆಂಪು ಶಾಯಿಯ ಮಾತನ್ನು ತೆಗೆಯುವ ಅಧಿಕಾರ ಅವರಿಗೆ ಮಾತ್ರ ಇತ್ತು, ಅದೂ ತಾವೇ ಎದುರು ಕೂತು ಮತ್ತೆ ಕೇಳಿದ ಮೇಲೆ.

"ಧನಶ್ರೀ, ಪ್ರಶ್ನೆ ಎಲ್ಲಾರಿಗೂ ಒಂದ," ಎಂದರು ಅವರು. "ಒಬ್ಬರ ಸಲುವಾಗಿ ಬದಲ ಮಾಡ್ಲಿಕ್ಕೆ ಬರೂದಿಲ್ಲ. ಮುಂದಿನ ತಿಂಗಳ ನೋಡೋಣ."

"ನಾಳೆ ಎಮ್ಮಿ ಹೋಗ್ತದರಿ!"

"ಎಮ್ಮಿ ನಮ್ಮ ಅಧ್ಯಯನದಾಗ ಬರೂದಿಲ್ಲ."

ನನಗೆ ಸಿಟ್ಟು ಬಂತು. ಅವರ ಮೇಲೆ ಅಲ್ಲ, ಆದರೆ ಎದುರಿಗೆ ಸಿಕ್ಕವರು ಅವರು. "ಹಂಗಾರ ನಿಮ್ಮ ಮಂದಾಕಿನಿ ಕಾಕೂನ ಹೆಸರೂ ಕೆಂಪ ಪಟ್ಟಿಯೊಳಗ ಬರೀತೀನ್ರಿ. ಉತ್ತರವಿಲ್ಲ, ಅಸಂಬದ್ಧ ನಗೆ, ಗಂಭೀರ. ನೀವ ಸಹಿ ಮಾಡ್ರಿ."

ಎಸ್ಸೆಸ್ಸೆಲ್ಸಿ ವರ್ಷ ಅತುಲ ಅವರಿಗೆ ಕನ್ನಡ ಪ್ರಬಂಧ ತಿದ್ದಿಕೊಟ್ಟವಳು ಇದೇ ಅವ್ವ. "ಕಾಕೂನ ತಲಿ ಸರಿ ಇಲ್ಲಂತ ಸಹಿ ಮಾಡಿ ನಾ ಧಾರವಾಡದಾಗ ಅಡ್ಡಾಡೋದು ಹ್ಯಾಂಗ?" ಎಂದರು. "ಮುಂಜಾನೆ ಎಂಟಕ್ಕ ತಯಾರಿರು."

ಶನಿವಾರ ಕೆಲಗೇರಿ ಗಿಜಿಗುಡುತ್ತಿತ್ತು. ಸಂಜೆ ಕೆರೆಯಲ್ಲಿ ಗಣಪತಿ ಬಿಡುವ ಗದ್ದಲಕ್ಕೆ ಬೆಳಿಗ್ಗೆಯೇ ಪೀಠಿಕೆ ಶುರುವಾಗಿತ್ತು. ದೇವಕ್ಕನ ಮನೆಯ ಅಂಗಳದಲ್ಲಿ ಮಕಬೂಲಸಾಬ ಆಗಲೇ ಬಂದು, ಚಂದ್ರಿಯ ಬಾಯಿ ಅಗಲಿಸಿ ಹಲ್ಲು ನೋಡುತ್ತಿದ್ದ. ಅದರ ಹಣೆಯಲ್ಲಿ ಚಂದ್ರನಂಥ ಬಿಳಿ ಮಚ್ಚೆ. ಮೇವು ಹಾಕುವ ಗೋದಲಿಯ ಹತ್ತಿರ ಒಬ್ಬ ಎತ್ತರದ ಮುದುಕ ನೆಲ ನೋಡುತ್ತ ಕೂತಿದ್ದ. ಅವನೇ ದೇವಕ್ಕನ ಗಂಡ ಹುಚ್ಚಪ್ಪ. ದೇವಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಎರಡು ದಿನದಲ್ಲಿ ಆ ಮುಖದ ಕಳೆಯೇ ಹೋಗಿತ್ತು. ನಮ್ಮನ್ನು ನೋಡಿ ಪರಮೇಶ ಓಡಿ ಬಂದು ಎರಡು ಕುರ್ಚಿ ಹಾಕಿದ. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರೇ ಬಂದು ಗೋಡೆಗೆ ಆತು ನಿಂತರು.

ನಾನು ನೇರ ದೇವಕ್ಕನ ಹತ್ತಿರ ಹೋದೆ. "ತಪ್ಪಾತ್ರೀ ದೇವಕ್ಕಾರ. ಪರೀಕ್ಷಾದಾಗ ನಪಾಸಾದಾಕಿ ನಾನು, ನೀವಲ್ಲ. ಡಾಕ್ಟರು ಇನ್ನೊಮ್ಮೆ ಕೇಳ್ತಾರ, ನಿಮಗ ತಿಳಿದ ಹಾಂಗ ಹೇಳ್ರಿ."

ಅತುಲ ಅವರು ಪಟ್ಟಿಯನ್ನು ಮಡಚಿ ಕಿಸೆಯಲ್ಲಿಟ್ಟರು. ನಿಯಮದ ಮನುಷ್ಯ ಅವರು, ಹಾಗೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದೆ. ಮಳೆಯ ನಕ್ಷತ್ರ ಕೇಳಿದರು, ತಿಥಿ ಕೇಳಿದರು. ಮೂರು ಹೊಸ ಶಬ್ದ ಕೊಟ್ಟು, ಐದು ನಿಮಿಷ ಬಿಟ್ಟು ತಿರುಗಿ ಕೇಳಿ ಎಣಿಸಿಕೊಂಡರು. ಆಮೇಲೆ, "ಕೀಲಿ ಹಾಕಿದ ಮನಿಗೆ ಹಾಲ ಯಾಕ ಒಯ್ತೀರಿ?" ಎಂದರು.

"ಅವರು ಹೋದ್ರು, ಬೆಕ್ಕ ಅಲ್ಲೇ ಉಳೀತ್ರಿ," ಎಂದಳು ದೇವಕ್ಕ. "ಹೊಟ್ಟಿಲಿದ್ದಿತ್ತು. ಈಗ ಮೂರ ಮರಿ ಹಾಕೇತಿ. ಒಂದ ಬಟ್ಟಲ ಹಾಕಿ ಬರತೇನಿ."

ಪರಮೇಶ ಬಾಯಿ ತೆರೆದು ನಿಂತ. "ಮತ್ತ ನನಗ ಯಾಕ ಹೇಳಲಿಲ್ಲವಾ?"

"ನೀ ಎಲ್ಲಿ ಕೇಳಿದ್ಯೋ? ನನ್ನ ಕೂಡ ಮಾತಾಡೂದ ಬಿಟ್ಟ ಡಾಕ್ಟರ್ ಕೂಡ ಮಾತಾಡಿದಿ."

"ಮತ್ತ ಸುಟ್ಟ ಪಾತೇಲಿ?" ಎಂದರು ಅತುಲ.

"ಅದು ಖರೇನ ಮರತೆರಿ. ಕಳ್ಳತನ ಮಾಡಿಲ್ಲ, ಮರತೇನಿ." ಗೋಡೆಯ ಹೆಂಗಸರೆಲ್ಲ ನಕ್ಕರು. ಪಾತೇಲಿ ಸುಡದ ಮನೆ ಆ ಓಣಿಯಲ್ಲಿ ಯಾವುದೂ ಇರಲಿಲ್ಲ.

"ಈಗ ಒಂದ ಪ್ರಶ್ನೆ ಉಳೀತು," ಎಂದು ಅತುಲ ಅವರು ಗಂಟಲು ಸರಿಮಾಡಿಕೊಂಡರು. "ನಿಮ್ಮ ಯಜಮಾನರ ಹೆಸರು. ಒಡಪು ಹಾಕೇ ಹೇಳ್ರಿ."

ಇಲ್ಲಿಗೆ ಎಲ್ಲ ಸುಸೂತ್ರ ಮುಗಿಯುತ್ತದೆ ಎಂದುಕೊಂಡಿದ್ದೆ. ದೇವಕ್ಕ ನಗಲಿಲ್ಲ. "ಬರಂಗಿಲ್ರಿ," ಎಂದಳು. "ಬ್ಯಾರೆ ಏನರ ಕೇಳ್ರಿ. ಒಡಪು ಬ್ಯಾಡ."

"ಇಕಿ ಹೇಳಂಗಿಲ್ಲರಿ," ಎಂದು ಗೋಡೆಯ ಹತ್ತಿರದಿಂದ ಒಬ್ಬ ಹೆಂಗಸು ಮುಂದೆ ಬಂದಳು. ಹುಚ್ಚಪ್ಪನ ಅಕ್ಕ ಹನುಮವ್ವ, ಪಕ್ಕದ ಮನೆಯವಳು. "ಲಗ್ನದಾಗ ಇಕಿಗೆ ಹದಿನೈದ ವರ್ಷ. ಒಡಪು ಹೇಳಾಕ ನಿಂತು ಎರಡ ಸಾಲ ಹೇಳಿದ್ಲು, ಮೂರನೇದ್ದಕ್ಕ ಮರತ ಬಿಟ್ಲು. ಮಂದಿ ನಕ್ಕ ನಕ್ಕ ಬಿದ್ರು. ನಮ್ಮವ್ವ ಸುಮ್ಮನಿರಬೇಕಿಲ್ಲೋ? ‘ತಲ್ಯಾಗ ಏನೂ ಇಲ್ಲದ ಸೊಸಿ ಬಂದ್ಲು’ ಅಂದ್ಲು. ಅವತ್ತಿನಿಂದ ಯಾರ ಮನಿ ಕಾರ್ಯ ಇದ್ರೂ ಒಡಪಿನ ಹೊತ್ತಿಗೆ ಇಕಿ ಅಡಗಿ ಮನ್ಯಾಗ. ನಲವತ್ತೆರಡ ವರ್ಷ ಆತು. ನನ್ನ ತಮ್ಮ ತನ್ನ ಹೆಸರ ಇಕಿ ಬಾಯಿಂದ ಕೇಳೇ ಇಲ್ಲ."

ಹುಚ್ಚಪ್ಪ ಇನ್ನೂ ನೆಲ ನೋಡುತ್ತಿದ್ದ. ಹದಿನೈದರ ಹುಡುಗಿಗೆ ಒಬ್ಬರು ಸೊನ್ನೆ ಕೊಟ್ಟಿದ್ದರು. ಅದೇ ಹೆಂಗಸಿಗೆ ಐವತ್ತೇಳರಲ್ಲಿ ನಾನು ಮತ್ತೊಮ್ಮೆ ಕೊಟ್ಟಿದ್ದೆ.

"ಬ್ಯಾಡ ಬಿಡ್ರಿ ಸರ," ಎಂದ ಪರಮೇಶ. "ಅಕಿಗೆ ತ್ರಾಸ ಮಾಡಬ್ಯಾಡ್ರಿ."

ಮಕಬೂಲಸಾಬ ಚಹಾದ ಕಪ್ಪು ಕೆಳಗಿಟ್ಟು ಮೀಸೆ ಒರೆಸಿಕೊಂಡ. "ನಮ್ಮ ಅಬೀದಾನೂ ನನ್ನ ಹೆಸರ ಹೇಳಂಗಿಲ್ಲರಿ ಡಾಕ್ಟರ್ ಸಾಹೇಬ್ರ. ‘ಶಮೀಮನ ಅಪ್ಪಾ’ ಅಂತಾಳ. ಅಕಿ ತಲಿ ನನಗಿಂತ ಛಲೋ ಐತಿ. ನಾನೂ ಮೂವತ್ತ ವರ್ಷ ಎಮ್ಮಿ ಪರೀಕ್ಷಾ ಮಾಡೇನಿ. ಒಂದ ಹಲ್ಲ ನೋಡಿ ರೇಟ ಹೇಳಂಗಿಲ್ಲ. ನಡಿಸಿ ನೋಡತೇನಿ, ಹಿಂಡಿ ನೋಡತೇನಿ, ಒಂದ ದಿನ ಮೇಯಿಸಿ ನೋಡತೇನಿ. ಹೋಗ್ಲಿ, ನನಗ ಸಂತಿಗೆ ಹೊತ್ತಾತು. ಕೊಡೋದೋ ಬಿಡೋದೋ ಹೇಳ್ರಿ." ಎಂದವನೇ ಗೂಟದ ಕಡೆ ಬಾಗಿ ಹಗ್ಗಕ್ಕೆ ಕೈ ಹಾಕಿದ. ಚಂದ್ರಿ ತಿರುಗಿ ದೇವಕ್ಕನನ್ನು ನೋಡಿ ಒದರಿತು.

"ಹಗ್ಗ ಬಿಡೋ ಮಕಬೂಲಾ!"

ದೇವಕ್ಕ ಹೊಸ್ತಿಲು ದಾಟಿ ಅಂಗಳದ ನಡುವೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಗಿಸಿದಳು. ಒಂದು ಗಳಿಗೆ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದಳು. ಮತ್ತೆ ಮರೆತಳೋ ಎಂದು ನಾನು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದೆ. ಆಮೇಲೆ ಕಣ್ಣು ತೆರೆದು, ಓಣಿಯ ತುದಿಗೆ ಕೇಳಿಸುವಷ್ಟು ದೊಡ್ಡ ದನಿಯಲ್ಲಿ ಹೇಳಿದಳು.

"ಇಪ್ಪತ್ತೆರಡ ಪಾವಟಿಗಿ ಏರಿ ಹೋದೆ, ಕೈಯಾಗ ಹಿಡದು ಸೆರಗ,
ಮೂವತ್ತಕ್ಕ ಹನ್ನೊಂದ ಕೊಟ್ಟು ಕಳಿಸ್ಯಾರ ನನ್ನ ಹೊರಗ.
ತಲ್ಯಾಗ ಏನೈತಿ ಅಂತ ಕೇಳ್ಯಾರ ಡಾಕ್ಟರು ನನಗ,
ಹುಚ್ಚಪ್ಪ ಕುಂತಾರ ನಲವತ್ತೆರಡ ವರ್ಷ, ಬ್ಯಾರೇದಕ ಜಾಗಾ ಎಲ್ಲೈತಿ ಒಳಗ?"

ಅಂಗಳ ಹೋ ಎಂದಿತು. ಹನುಮವ್ವ ಎರಡೂ ಕೈಯಿಂದ ನೆಟಿಗೆ ಮುರಿದು ದೃಷ್ಟಿ ತೆಗೆದಳು. ಪರಮೇಶ ತಾಯಿಯನ್ನು ತಬ್ಬಿಕೊಂಡು ಅತ್ತ, ನಕ್ಕ, ಮತ್ತೆ ಅತ್ತ. ಕೆರೆಯ ಕಡೆಯಿಂದ ಯಾರೋ ಪಟಾಕಿ ಹಚ್ಚಿದರು. ನಮ್ಮ ಸಲುವಾಗಿ ಅಲ್ಲ, ಗಣಪನ ಸಲುವಾಗಿ, ಆದರೂ ನಾನು ನಮ್ಮ ಲೆಕ್ಕಕ್ಕೇ ಹಿಡಿದೆ.

ಅತುಲ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತ ನಗುತ್ತಿದ್ದರು. "ಬುರುಡ್ಯಾಗ ಜಾಗ ಇಲ್ಲ ಅಂತ ಹೇಳ್ಲಿಕ್ಕೆ ನಾ ಒಂದ ತಾಸು ತಗೊಂಡೆ ಧನಶ್ರೀ. ಇವರು ಒಂದ ಸಾಲಿನೊಳಗ ಮುಗಿಸಿದ್ರು." ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ನನ್ನ ಕೆಂಪು ಅಕ್ಷರಗಳ ಮೇಲೆ ಉದ್ದಕ್ಕೆ ಗೆರೆ ಎಳೆದರು, ಪಕ್ಕದಲ್ಲಿ ಇಪ್ಪತ್ತಾರು ಎಂದು ಬರೆದು ಸಹಿ ಮಾಡಿದರು. ಓದು ಬರಹದ ನಾಲ್ಕು ಅಂಕ ಹೋದವು. ಅದು ದೇವಕ್ಕನ ತಲೆಯ ತಪ್ಪಲ್ಲ, ಅವಳನ್ನು ಶಾಲೆಗೆ ಕಳಿಸದವರದು. ಆರು ತಿಂಗಳಿಗೊಮ್ಮೆ ಬಂದು ಬಿ.ಪಿ. ನೋಡಿಸಿಕೊಳ್ಳಿ, ಹಾಲು ಕಾಯಿಸುವಾಗ ಒಲೆಯ ಮುಂದೆಯೇ ಇರಿ, ಉಳಿದದ್ದು ಮೊದಲಿನಂತೆಯೇ ನಡೆಯಲಿ ಎಂದರು.

"ಒಡಪಿಗೆ ಎಷ್ಟ ಮಾರ್ಕ ಕೊಟ್ರಿ?" ಎಂದು ಕೇಳಿದಳು ದೇವಕ್ಕ.

"ಒಂದ್ರಿ."

"ಇಷ್ಟ ದೊಡ್ಡ ಒಡಪಿಗೆ ಒಂದ? ನಿಮ್ಮ ಪರೀಕ್ಷಾ ಭಾಳ ಜಿಗುಟ ಐತಿ ಬಿಡ್ರಿ."

ಮಕಬೂಲಸಾಬ ತಾನು ತಂದಿದ್ದ ಬರಿಯ ಹಗ್ಗ ಹೆಗಲಿಗೆ ಹಾಕಿಕೊಂಡು, ಆ ಒಡಪನ್ನೇ ಗುನುಗುತ್ತ ಹೊರಟ. ಮನೆಗೆ ಹೋಗಿ ಅಬೀದಾಗೆ ಹೇಳಿಕೊಡಬೇಕಂತೆ. ಅವ್ವ ಕೊಟ್ಟು ಕಳಿಸಿದ್ದ ರವಿಕೆಯ ಖಣವನ್ನು ನಾನು ದೇವಕ್ಕನ ಕೈಗಿಟ್ಟು ಕಾಲು ಮುಟ್ಟಿದೆ. ಆ ಪರೀಕ್ಷೆಯನ್ನು ಆಮೇಲೆ ಮೊದಲಿನಿಂದ ಬರೆದೆ, ಈ ಸಲ ನಿಘಂಟು ಮುಚ್ಚಿಟ್ಟು, ಕೆಲಗೇರಿಯ ಕಟ್ಟೆಗಳ ಮೇಲೆ ಕೂತು. ಒಂದು ವರ್ಷ ಹಿಡಿಯಿತು. ಅದು ಬೇರೆ ಕತೆ.

ಇಷ್ಟೆಲ್ಲ ಆಗುವಾಗ ಹುಚ್ಚಪ್ಪ ಮಾತ್ರ ಗೋದಲಿಯ ಹತ್ತಿರವೇ ಇದ್ದ. ನಾವು ಹೊರಡಲು ಎದ್ದಾಗ ಅವನೂ ಎದ್ದು, ಮೆಲ್ಲಗೆ ಹೆಂಡತಿಯ ಹತ್ತಿರ ಬಂದ. ಆ ಮುದುಕನ ಕಣ್ಣಂಚು ಒದ್ದೆಯಾಗಿತ್ತು, ಆದರೆ ತುಟಿಯಲ್ಲಿ ಒಂದು ತುಂಟತನವಿತ್ತು. ಕಿವಿಗೆ ಕೈ ಹಚ್ಚಿ, "ಏನಂದಿ ನೀ? ನನಗ ಕೇಳಸಲಿಲ್ಲ. ಇನ್ನೊಮ್ಮಿ ಹೇಳ," ಎಂದ.

ಕೆರೆಯ ದಂಡೆಯಲ್ಲಿ ಕರು ಕೂಗಿದರೆ ಮನೆಯಲ್ಲಿ ಮಲಗಿದಲ್ಲಿಂದಲೇ ಎದ್ದು ಬರುವ ಕಿವಿ ಅದು ಎಂದು ಹನುಮವ್ವ ನನಗೆ ಪಿಸುಗುಟ್ಟಿದಳು.

ದೇವಕ್ಕ ಚಂದ್ರಿಯ ಬೆನ್ನ ಮೇಲೆ ಕೈ ಆಡಿಸುತ್ತ ಗಂಡನ ಕಡೆ ತಿರುಗಿದಳು.

"ಇನ್ನ ನಲವತ್ತೆರಡ ವರ್ಷ ತಡೀರಿ," ಎಂದಳು. "ಮರೀಲಾರದ ಹೇಳತೇನಿ."